ಯಗಟಿ ಶಾಲೆಗೆ ನಡೆದು ಹೋದದ್ದು

ನಮ್ಮೂರಲ್ಲಿ ಶಾಲೆ ಇರಲಿಲ್ಲ, ಯಗಟಿಗೆ ಹೋಗಬೇಕಿತ್ತು. ಮಗಳನ್ನು ಓದಿಸಲೇಬೇಕೆಂದು ಹಟ ತೊಟ್ಟಿದ್ದ ಅಪ್ಪ ದಿನಾ ಬೆಳಗ್ಗೆ ಗಾಡಿ ಕಟ್ಟಿ ನನ್ನನ್ನು ಶಾಲೆಯ ಬಾಗಿಲಲ್ಲಿ ಇಳಿಸಿ ಬರುತ್ತಿದ್ದ. ಮುಂಗಾರು ಬಿದ್ದು ರಾಗಿ ಬಿತ್ತನೆ ಶುರುವಾದಾಗ ಎತ್ತುಗಳು ಹೊಲಕ್ಕೆ ಬೇಕಾದವು.

"ಬಿತ್ನೆ ಮುಗಿಯೋವರ್ಗೂ ಶಾಲೆ ಬೇಡ" ಎಂದ ಅಪ್ಪ.

ನನಗೆ ಒಳಗೊಳಗೇ ಸಮಾಧಾನವಾಯಿತು. ದಾರಿಯಲ್ಲಿದ್ದ ಕುರಿಹಟ್ಟಿಯ ಕರಿನಾಯಿ ಗಾಡಿಯ ಚಕ್ರಕ್ಕೇ ಬಾಯಿ ಹಾಕುತ್ತಿತ್ತು. ಇನ್ನು ನಡೆದು ಹೋಗುವವರನ್ನು ಬಿಟ್ಟೀತೇ?

ಅಜ್ಜಿ ಒಪ್ಪಲಿಲ್ಲ. "ಎತ್ತಿಗೆ ಕೆಲ್ಸ ಬಂತು ಅಂತ ಮಗೀನ ಓದು ನಿಲ್ಲಿಸ್ತೀಯೇನೋ? ಅದ್ಕೇನು ಕಾಲಿಲ್ವಾ? ನಾನೇ ಕರ್ಕೊಂಡ್ ಹೋಗ್ತೀನಿ ಬಿಡು."

ಮರುದಿನ ಅವಳ ಸೆರಗು ಹಿಡಿದು ಹೊರಟೆ. ಹಟ್ಟಿ ಕಂಡದ್ದೇ ನನ್ನ ಕಾಲು ಏಳಲಿಲ್ಲ. ಅಜ್ಜಿ ಗದರಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಹೊಲದ ಬದುವಿನ ಮೇಲೆ ಕೂತು, "ಭಯ ಇಳಿದ್ಮೇಲೆ ಹೇಳು, ಹೋಗಾಣ" ಎಂದಳು. ಆಮೇಲೆ ಹಟ್ಟಿಯ ಹೆಂಗಸನ್ನು ಕೂಗಿದಳು. ಆಕೆ ನಾಯಿಯನ್ನು ಹಿಡಿದುಕೊಂಡು ಬಂದು ನನ್ನ ಕೈಗೊಂದು ಚೂರು ರೊಟ್ಟಿ ಕೊಟ್ಟಳು.

"ನೀನೇ ಹಾಕವ್ವ. ನಿನ್ನ ವಾಸ್ನೆ ಗೊತ್ತಾದ್ರೆ ಮೈಮೇಲೆ ಬರಾಕಿಲ್ಲ."

ಕಣ್ಣು ಮುಚ್ಚಿ ಎಸೆದೆ. ಕಣ್ಣು ಬಿಟ್ಟಾಗ ನಾಯಿ ರೊಟ್ಟಿ ತಿನ್ನುತ್ತಿತ್ತು, ಹೆಂಗಸಿನ ಹಿಂದೆ ನಿಂತಿದ್ದ ನನ್ನ ವಯಸ್ಸಿನ ಹುಡುಗಿ ನನ್ನ ಸ್ಲೇಟನ್ನೇ ನೋಡುತ್ತಿದ್ದಳು.

ಕೆಲವು ದಿನ ಅಜ್ಜಿ ಶಾಲೆಯವರೆಗೂ ಬಂದಳು. ಆಮೇಲೊಂದು ಬೆಳಗ್ಗೆ ಹಟ್ಟಿಯ ಹತ್ತಿರವೇ ಕೂತುಬಿಟ್ಟಳು. "ಮಂಡಿ ನೋಯ್ತದೆ ಕಣೇ. ನೀನು ಹೋಗು, ನಾನಿಲ್ಲೇ ನೋಡ್ತಿರ್ತೀನಿ." ನಾನು ಅಳುಮುಖ ಮಾಡಿ ಹೊರಟಾಗ ಆ ಹುಡುಗಿ ಓಡಿಬಂದು ಜೊತೆಗೂಡಿದಳು. ಶಾಲೆಯ ಬಾಗಿಲವರೆಗೂ ಬಂದು, ಒಳಗೆ ಇಣುಕಿ, ಹಿಂದಿರುಗಿದಳು. ಮಾರನೆಯ ದಿನವೂ ಹಾಗೇ.

ಅಜ್ಜಿ ಅವಳ ತಾಯಿಗೆ ಹೇಳಿದಳು: "ಬಾಗ್ಲವರ್ಗೂ ಹೋಗೋಳು ಒಳ್ಗೂ ಕೂರ್ಲಿ ಬಿಡೇ."

"ಮರಿ ಕಾಯೋರ್ ಯಾರವ್ವ?"

"ಬಂದ್ಮೇಲೆ ಅವ್ಳೇ ಕಾಯ್ತಾಳೆ. ಅಲ್ಲೀಗಂಟ ನಾನಿಲ್ವಾ?"

ಮೇಷ್ಟರು ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿದರು. ಶಾಲೆ ಬಿಡುವವರೆಗೂ ಅಜ್ಜಿ ಕುರಿಮರಿಗಳ ನಡುವೆ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು.

ಬಿತ್ತನೆ ಮುಗಿಸಿದ ಅಪ್ಪ ಮತ್ತೆ ಗಾಡಿ ಕಟ್ಟಿದ. "ಗಾಡಿ ಬೇಡ ಕಣಪ್ಪ, ನಾನೂ ಹಟ್ಟಿ ಹುಡುಗೀನೂ ನಡ್ಕೊಂಡೇ ಹೋಗ್ತೀವಿ" ಎಂದೆ. ಅವನು ನೊಗ ಇಳಿಸಿದ. ಹೊಲ ನೋಡುವ ನೆಪದಲ್ಲಿ ಎಷ್ಟೋ ದೂರ ನಮ್ಮ ಹಿಂದೆಯೇ ಬಂದ. ಅವನಿಗೆ ಸಂತೋಷವಾಗಿರಬೇಕೆಂದು ಆಗ ಅಂದುಕೊಂಡೆ. ನನ್ನ ಮಕ್ಕಳು ನನ್ನ ಕೈ ಬಿಡಿಸಿಕೊಂಡು ಓಡಿದ ದಿನ, ಸಂತೋಷದ ಜೊತೆಗೆ ಅವನಿಗೆ ಇನ್ನೇನಾಗಿತ್ತೆಂಬುದೂ ತಿಳಿಯಿತು.

ಸುಗ್ಗಿಯ ನಂತರ ಮೇವಿಲ್ಲದೆ ಹಟ್ಟಿಯವರು ಮಂದೆ ಹೊಡೆದುಕೊಂಡು ಲಿಂಗದಹಳ್ಳಿಯ ಕಡೆ ಹೋದರು. ನಾನು ಒಬ್ಬಳೇ ನಡೆದೆ. ನಾಯಿಯೂ ಇಲ್ಲದ ಆ ದಾರಿಯಲ್ಲಿ ಭಯವಾಗಲಿಲ್ಲ, ಬೇಸರವಾಗುತ್ತಿತ್ತು. ಮಳೆ ಬಿದ್ದ ಮೇಲೆ ಅವರು ಮರಳಿ ಬಂದರು. ಶಾಲೆಯಲ್ಲಿ ಅವಳು ನನಗಿಂತ ಒಂದು ತರಗತಿ ಹಿಂದೆ ಉಳಿದಿದ್ದಳು. ನಾನು ಕಲಿತದ್ದನ್ನು ಅವಳಿಗೆ ಒಪ್ಪಿಸುತ್ತ ನಡೆಯುತ್ತಿದ್ದೆ, ನಾನು ತಡವರಿಸಿದ ಕಡೆ ಅವಳು ನಗುತ್ತಿದ್ದಳು.