ಬೋಣಿಯ ನೆಂಟಸ್ತಿಕೆ

ಈ ದಪ್ಪ ನಿಘಂಟಿಗೆ ನಾನು ಕೊಟ್ಟದ್ದು ನಾಲ್ಕು ಡಾಲರ್. ಅಂಟಿಸಿದ್ದ ಚೀಟಿಯಲ್ಲಿ ಆರು ಎಂದಿತ್ತು. ಬೆಲೆ ಇಳಿದದ್ದು ಪುಸ್ತಕದ ಬೆನ್ನು ಕಿತ್ತುಹೋಗಿದ್ದರಿಂದಲ್ಲ, ಬೋಣಿಯಿಂದ. ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನ ಒಂದು ಮನೆಯಂಗಳದಲ್ಲಿ ಹಳೆಯ ಸಾಮಾನು ಹರವಿಕೊಂಡು ಕೂತಿದ್ದ ವೃದ್ಧೆಗೆ, ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದೂ, ನನ್ನ ಕೈಗುಣ ಬಲು ಒಳ್ಳೆಯದೆಂದೂ ನನ್ನ ಇಂಗ್ಲಿಷಿನಲ್ಲಿ ತಿಳಿಹೇಳಿದ್ದೆ.

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಹೊತ್ತು ಕಳೆಯಲು ಒಂದು ನೆಪ. ಅದೇ ಬೀದಿಯ ಕೊನೆಯ ಮಳಿಗೆಯನ್ನು ದೋಸೆಹಿಟ್ಟು, ಚಟ್ನಿಪುಡಿಯ ಅಂಗಡಿಗೆಂದು ಹಿಂದಿನ ವಾರ ಮಾತಾಡಿ, ಅದರ ಮಾಲೀಕ ಕಾರ್ಲ್ ಎಂಬ ಮುದುಕನ ಕೈ ಕುಲುಕಿ ಬಂದಿದ್ದೆ. ಕರಾರಿನ ಕಾಗದ ಆಗಿರಲಿಲ್ಲ. ಅಷ್ಟರಲ್ಲಿ ಕಾಫಿ ಅಂಗಡಿಯವರು ಯಾರೋ ಹೆಚ್ಚು ಬಾಡಿಗೆಗೆ ಅದನ್ನೇ ಕೇಳುತ್ತಿದ್ದಾರೆಂದು ಸುದ್ದಿ ಬಂತು. ಕೊಯಮತ್ತೂರಿನಿಂದ ತರಿಸಿದ ದೊಡ್ಡ ಗ್ರೈಂಡರು ಹೂಸ್ಟನ್ ಬಂದರಿನಲ್ಲಿ ಇಳಿದಾಗಿತ್ತು. ಅದನ್ನಿಡಲು ಆಸ್ಟಿನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಜಾಗವಿರಲಿಲ್ಲ. ಕಾರ್ಲ್‌ನನ್ನೇ ಕಂಡು ಕೇಳಿಬಿಡೋಣವೆಂದು ನಾನು ಕಾರು ಹತ್ತುವಾಗಲೂ ಹೆಂಡತಿ ಸುಮಿತ್ರೆ ಬಿಡಲಿಲ್ಲ: "ಕೈ ಕುಲುಕಿದೆ, ಕೈ ಕುಲುಕಿದೆ ಅಂತೀರಲ್ಲ, ನಾಳೆ ಕೋರ್ಟಲ್ಲಿ ಸಾಕ್ಷಿ ಹೇಳೋಕೆ ಆ ಕೈ ಬರತ್ತೇನ್ರೀ?"

ಬೋಣಿಯ ಮಾತಿಗೆ ವೃದ್ಧೆ ನಕ್ಕು, ಸ್ಕಾಟ್ಲೆಂಡಿನಿಂದ ಬಂದ ತಮ್ಮಜ್ಜಿ ಅದನ್ನು 'ಹ್ಯಾಂಡ್ಸೆಲ್' ಎನ್ನುತ್ತಿದ್ದರೆಂದು ಹೇಳಿ, ಆ ನಿಘಂಟಿನಲ್ಲೇ ಪುಟ ತೆರೆದು ತೋರಿಸಿದರು. ಓದುತ್ತ ನಿಂತೆ, ಗೆಳೆಯರೇ. ಇಂಗ್ಲಿಷಿನವರು ಹೆಚ್ಚುಕಡಿಮೆ ಮರೆತೇಬಿಟ್ಟಿರುವ ಈ ಮಾತಿಗೆ ದಿನದ ಮೊದಲ ವ್ಯಾಪಾರವೆಂದೂ ಹೊಸ ಕೆಲಸಕ್ಕೆ ಕೈಹಾಕುವವರಿಗೆ ಕೊಡುವ ಶುಭದ ಉಡುಗೊರೆಯೆಂದೂ ಅರ್ಥವಂತೆ. ಹಳೆಯ ಇಂಗ್ಲಿಷಿಗೆ ಹೋದರೆ ಕೈಗೆ ಒಪ್ಪಿಸುವುದು. ಇನ್ನೂ ಉತ್ತರಕ್ಕೆ, ನಾರ್ವೆ ಕಡೆಯ ಹಳೆಯ ನಾರ್ಸ್ ಜನರ 'ಹಾಂಡ್‌ಸಾಲ್' ಎಂದರೆ ಇಬ್ಬರು ಕೈ ಸೇರಿಸಿ ಮಾತು ಗಟ್ಟಿ ಮಾಡಿಕೊಳ್ಳುವುದು. ಜರ್ಮನರಲ್ಲಿ ಇದರ ದಾಯಾದಿಯೊಂದಿದೆ, 'ಹಾಂಡ್‌ಗೆಲ್ಟ್', ಅಂದರೆ ಮುಂಗಡ. ನನಗೆ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಅಪ್ಪ ನೆನಪಾದರು. ಎಷ್ಟೊಂದು ಸಮುದ್ರಗಳ ಆಚೆ ಈಚೆ, ಬರೆಯಲು ಬಾರದವರೆಲ್ಲ ನಂಬಿದ್ದು ಒಂದೇ ಅಂಗೈಯನ್ನು! ಆದರೆ ಕಾರ್ಲ್‌ಗೆ ಬರೆಯಲು ಬರುತ್ತದೆ, ಲೆಕ್ಕವೂ ಬರುತ್ತದೆ ಎಂದು ನೆನಪಾಗಿ, ನಿಘಂಟನ್ನು ಕಂಕುಳಲ್ಲಿಟ್ಟುಕೊಂಡು ಮಳಿಗೆಯತ್ತ ಹೊರಟೆ.

ಕಾರ್ಲ್ ಮಳಿಗೆಯ ಬಾಗಿಲಲ್ಲೇ ನಿಂತಿದ್ದ. "ಫೋನ್ ಬಂದಿತ್ತು. ಜಾಸ್ತಿ ಕೊಡ್ತಾರಂತೆ," ಎಂದ. ನಾನು ನಿಘಂಟನ್ನು ಎದೆಗವಚಿಕೊಂಡೆ. "ಆಗಲೇ ಒಬ್ಬನ ಕೈ ಕುಲುಕಿದ್ದೀನಿ ಅಂದೆ. ಅದಿರಲಿ, ನಿನ್ನ ಪುಡಿ ಎಷ್ಟು ಖಾರ?" ಎನ್ನುತ್ತ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟ. ಬಾಡಿಗೆಯಲ್ಲಿ ಇನ್ನೊಂದಿಷ್ಟು ಇಳಿಸಿ ಎನ್ನಲು ಬಾಯಿ ಬರಲಿಲ್ಲ; ನನ್ನ ಜನ್ಮದಲ್ಲಿ ಹಾಗಾದದ್ದು ಅದೇ ಮೊದಲು.

"ಕೈ ಸಾಕ್ಷಿ ಹೇಳ್ತು ಕಣೇ," ಎಂದು ಫೋನಿನಲ್ಲಿ ಕೂಗಿದೆ. "ಸದ್ಯ! ಪೇಪರ್ ಮಾಡಿಸ್ಕೊಂಡೇ ಬನ್ನಿ," ಎಂದಳು ಸುಮಿತ್ರೆ.

ನಿಘಂಟು ಈಗ ನಮ್ಮ ಗಲ್ಲಾದ ಪಕ್ಕದಲ್ಲಿದೆ. ಅಂಗಡಿ ತೆರೆದ ದಿನ ಬೋಣಿ ಮಾಡಿದವನು ಕಾರ್ಲೇ. ಚೌಕಾಸಿಯನ್ನೂ ಮಾಡಿದ, ನಾನು ಇಳಿಸಿದೆ. ನೀವು ಅಂಗಡಿ ಹಾಕುವವರಾದರೆ ಕೇಳಿ: ಚೌಕಾಸಿಯೆಲ್ಲ ಕೈ ಕುಲುಕುವ ಮುಂಚೆಯೇ ಮುಗಿಸಿ, ಆಮೇಲೆ ಒಂದು ಡಾಲರನ್ನೂ ಎಳೆಯಬೇಡಿ. ಕಾಗದವನ್ನು ಅದೇ ದಿನ ಮಾಡಿಸಿಕೊಳ್ಳಿ, ನನ್ನ ಹಾಗೆ ವಾರವಿಡೀ ನಿದ್ದೆಗೆಡಬೇಡಿ. ಮೊದಲ ಗಿರಾಕಿ ಎರಡು ಡಾಲರ್ ಕಡಿಮೆ ಕೇಳಿದರೆ ಕೊಟ್ಟುಬಿಡಿ.