ಹೊತ್ತು ಮುಳುಗಿದ ಮೇಲೆ ಹಚ್ಚಿದ ಒಲೆ

ಪದ್ಮಕ್ಕಾ, ಬೆಳಗಾವಿಯ ಖಾಸಬಾಗದ ನನ್ನ ಅಂಗಡಿಯ ಹಿಂದೆ ಹೊತ್ತು ಮುಳುಗಿದ ಮೇಲೂ ಒಲೆ ಉರಿಯುತ್ತಿತ್ತು ಎಂಬುದು ನಿಮಗೆ ಗೊತ್ತೇ ಇರಲಿಲ್ಲ. ಗೊತ್ತಿತ್ತು ಎಂದು ಸುಳ್ಳು ಹೇಳಿದವಳು ನಾನು.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು. ಹಾಗಂತ ನಿಮ್ಮ ಮೇಲೆ ಪ್ರೀತಿ ಉಕ್ಕಿ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಮ್ಮನ್ನು ಕಂಡರೆ ನನಗೆ ಆಗ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಬೀಡಿ ಎಂಬ ನಿಮ್ಮ ಊರಿನ ಮನೆಯಲ್ಲಿ ನೀವು ಶೇಂಗಾ ಹುರಿದು, ಒರಳಲ್ಲಿ ಕುಟ್ಟಿ ಚಟ್ನಿ ಮಾಡುವುದು, ನಾನು ಅದನ್ನು ಬೆಳಗಾವಿಗೆ ತಂದು ಮಾರುವುದು — ಹಾಗೆಂದು ಶುರು ಮಾಡಿದ್ದೆವು. ಮಾರುವುದೆಲ್ಲಿ ಬಂತು! ಈ ಊರಲ್ಲಿ ಚಟ್ನಿ ಮಾಡಲು ಬಾರದ ಹೆಂಗಸು ಯಾರಿದ್ದಾರೆ? ನೀವು ಜೈನರು, ಬಳ್ಳೊಳ್ಳಿ ಮುಟ್ಟುವವರಲ್ಲ. ನಾವು ಲಿಂಗಾಯತರು, ಬಳ್ಳೊಳ್ಳಿ ಇಲ್ಲದ ಶೇಂಗಾಚಟ್ನಿ ಅಂದರೆ ನಮ್ಮ ಮಂದಿ ಮೂಗು ಮುರಿಯುವವರು. ಪಾಕೀಟುಗಳು ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದವು. ಆಗಲೇ ಮಹಾಂತೇಶ ನಗರದಲ್ಲಿ ಸಣ್ಣ ವ್ಯಾಪಾರದವರಿಗೆ ಒಂದು ತರಬೇತಿ ನಡೆಯಿತು, ಹೋಗಿ ಕುಳಿತೆ. ನಿಮ್ಮ ಹತ್ತಿರ ಇದ್ದು ಬೇರೆ ಯಾರ ಹತ್ತಿರವೂ ಇಲ್ಲದ್ದು ಏನು, ಅದನ್ನು ಒಂದೇ ಸಾಲಿನಲ್ಲಿ ಹೇಳಿ ಎಂದರು. ಉಳಿದವರೆಲ್ಲ ಏನೇನೋ ಹೇಳಿದರು. ನಾನು ಆ ಸಾಲು ಹುಡುಕುತ್ತಲೇ ಎದ್ದುಬಂದೆ.

ಆ ಸಾಲು ಸಿಕ್ಕಿದ್ದು ನಿಮ್ಮ ಹೊಸ್ತಿಲಲ್ಲಿ. ಸಂಜೆ ಖಾನಾಪುರದಿಂದ ಯಾರೋ ಮದುವೆ ಮನೆಯವರು ಬಂದು, ಬೆಳಗಾಗುವುದರೊಳಗೆ ಚಟ್ನಿ ಬೇಕು ಎಂದು ಗೋಗರೆಯುತ್ತಿದ್ದರು. ನೀವು ಸೆರಗಿಗೆ ಕೈ ಒರೆಸಿಕೊಂಡು ಹೇಳಿದಿರಿ — “ಹೊತ್ತ ಮುಳುಗಿದ ಮ್ಯಾಲ ನಾ ಒಲಿ ಹಚ್ಚಂಗಿಲ್ರಿ.”

ಬಂದ ಗಿರಾಕಿಗಳು ವಾಪಸ್ ಹೋದರು. ನನ್ನ ತಲೆಯಲ್ಲಿ ಮಾತ್ರ ಆ ಮಾತು ಕೂತುಬಿಟ್ಟಿತು. ಮುಂದಿನ ವಾರವೇ ಪಾಕೀಟಿನ ಮೇಲೆ ಅಚ್ಚು ಹಾಕಿಸಿದೆ: ‘ಹೊತ್ತು ಮುಳುಗಿದ ಮೇಲೆ ನಾವು ಒಲೆ ಹಚ್ಚುವುದಿಲ್ಲ.’ ನಿಮಗೆ ಹಿಡಿಸಲಿಲ್ಲ. ಅದು ನಿಮ್ಮ ನೇಮ, ಮಾರುವ ಸಾಮಾನಲ್ಲ ಎಂದಿರಿ. ನಾನು ನಕ್ಕೆ. ವ್ಯಾಪಾರ ತಿಳಿಯದ ಹೆಂಗಸು ಎಂದುಕೊಂಡೆ.

ಆ ಒಂದು ಸಾಲಿಗೆ ಊರೇ ಮುಗಿಬಿದ್ದಿತು ಅಕ್ಕಾ. ನಿಮ್ಮ ಮಂದಿ ಕಣ್ಣು ಮುಚ್ಚಿ ಒಯ್ದರು. ಇಂಥ ನೇಮದವರ ಕೈಯ ಚಟ್ನಿ ಶುದ್ಧವಾಗಿರುತ್ತದೆ ಎಂದು ನಮ್ಮ ಮಂದಿಯೂ ಬಳ್ಳೊಳ್ಳಿ ಮರೆತು ಒಯ್ದರು. ಶ್ರಾವಣ ಬಂದಾಗ ನಾನು ಬಾಡಿಗೆ ಟೆಂಪೋ ತಂದು ನಿಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನೀವು? ಪಶ್ಚಿಮದ ಕಡೆ ಒಮ್ಮೆ ನೋಡಿ, ಅರ್ಧ ಕುಟ್ಟಿದ ಒರಳಿಗೆ ಮುಚ್ಚಳ ಹಾಕಿ, ಉಳಿದದ್ದು ನಾಳೆ ಎಂದು ಎದ್ದುಬಿಡುತ್ತಿದ್ದಿರಿ. ಏನು ಸೊಕ್ಕು ಎನಿಸುತ್ತಿತ್ತು. ಗಿರಾಕಿಗಳ ಬೈಗುಳ ತಿನ್ನುವವಳು ನಾನು, ಶಾಂತವಾಗಿ ಮುಖ ತೊಳೆಯುವವರು ನೀವು — ಆ ಶಾಂತ ಮುಖಕ್ಕೆ ಒಂದು ಬಾರಿಸಬೇಕು ಎಂದು ಎಷ್ಟು ಸಲ ಅನಿಸಿದೆಯೋ.

ಬಾರಿಸಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಅಂಗಡಿಯ ಹಿಂದೆ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿ, ಕೂಲಿಗೆ ಇಬ್ಬರನ್ನು ಇಟ್ಟು, ದೀಪ ಹಚ್ಚಿದ ಮೇಲೆ ಶೇಂಗಾ ಹುರಿಸಿದೆ. ಅದನ್ನು ನಿಮ್ಮ ಸಾಲಿದ್ದ ಪಾಕೀಟಿನಲ್ಲಿಯೇ ತುಂಬಿದೆ.

ಒಂದು ಸಂಜೆ ಬೀಡಿಯ ನಿಮ್ಮ ಓಣಿಯ ಜೈನ ಹಿರಿಯರೊಬ್ಬರು ಅಂಗಡಿಗೆ ಬಂದರು. ಹಿಂದಿನಿಂದ ಹುರಿಯುವ ವಾಸನೆ ಬರುತ್ತಿತ್ತು. ಅವರು ಬೈಯಲಿಲ್ಲ. ಕೈಯಲ್ಲಿದ್ದ ಪಾಕೀಟು ಕೆಳಗಿಟ್ಟು, ಪದ್ಮಾವತಿಗೆ ಇದು ಗೊತ್ತಿದೆಯೇ ಎಂದಷ್ಟೇ ಕೇಳಿದರು. ಇಲ್ಲ ಎಂದರೆ ಮೋಸಗಾತಿ ನಾನೊಬ್ಬಳೇ, ಅಂಗಡಿ ಅಂದೇ ಮುಚ್ಚಬೇಕು. ನಿಮಗೂ ಗೊತ್ತಿದೆ ಎಂದರೆ — ಜೈನ ಹೆಂಗಸೇ ಒಪ್ಪಿದ ಮೇಲೆ ನನ್ನ ತಪ್ಪೇನು? ಅಷ್ಟು ಲೆಕ್ಕವನ್ನು ಈ ತಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕಿತು.

“ಅಕ್ಕಾರಿಗೆ ಗೊತ್ತಿಲ್ದ ಇಲ್ಲೇನ ನಡಿತೈತ್ರಿ?” ಎಂದೆ.

ತಪ್ಪು ನಿಮ್ಮ ತಲೆಗೆ ಬಂತು, ಮಾತು ನಿಮ್ಮ ಓಣಿಯೊಳಗೇ ನಿಂತಿತು, ನನ್ನ ಅಂಗಡಿ ಉಳಿಯಿತು. ಆ ಸಲ ಬೀಡಿಯಲ್ಲಿ ಮುನಿಗಳ ಚಾತುರ್ಮಾಸ. ಅವರಿಗೆ ಆಹಾರ ಕೊಡಲು ಮನೆಮನೆಯವರು ಮಡಿಯುಟ್ಟು ಬಾಗಿಲಲ್ಲಿ ನಿಲ್ಲುವುದು, ಅವರು ಯಾರ ಮುಂದೆ ನಿಲ್ಲುತ್ತಾರೋ ಆ ಮನೆಯ ಪುಣ್ಯ — ಇದನ್ನೆಲ್ಲ ನನಗೆ ಹೇಳಿಕೊಟ್ಟವರೇ ನೀವು. ಹೇಳುವಾಗ ನಿಮ್ಮ ಮುಖದ ಕಳೆ ನೋಡಬೇಕಿತ್ತು. ಗೊತ್ತಿದ್ದೂ ವ್ರತದವರಿಗೆ ರಾತ್ರಿಯ ಅಡುಗೆ ಉಣಿಸಿದವಳು, ಇವಳ ಕೈಯ ಆಹಾರ ಮುನಿಗಳಿಗೆ ಬೇಡ ಎಂದು ನಿಮ್ಮವರು ನಿಮ್ಮನ್ನು ಹೊರಗಿಟ್ಟರು. ಗೊತ್ತಿರಲಿಲ್ಲ ಎಂದು ನೀವು ಹೇಳಿದಿರಂತೆ. ನಿನ್ನ ಜೊತೆಯ ಗಿರಿಜಾಳೇ ಹೇಳಿದ್ದಾಳಲ್ಲ ಎಂದು ನನ್ನ ಮಾತನ್ನೇ ಮುಂದಿಟ್ಟರಂತೆ.

ಖಾನಾಪುರದಲ್ಲಿ ಬಸ್ಸು ಬದಲಿಸಿ ನೀವು ಅಂಗಡಿಗೆ ಬಂದಿರಿ. ಕುಳಿತುಕೊಳ್ಳಿ ಎಂದು ಸಹ ನಾನು ಅನ್ನಲಿಲ್ಲ.

“ನನಗ ಗೊತ್ತಿರಲಿಲ್ಲ ಅಂತ ಒಂದ ಮಾತ ಬಂದು ಹೇಳವಾ ಗಿರಿಜಾ. ಮತ್ತೇನೂ ಬ್ಯಾಡ.”

ನಾನು ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ. “ಗಿರಾಕಿ ಅದಾರ್ರಿ ಅಕ್ಕಾರ, ಆಮ್ಯಾಲ ನೋಡೂಣು” ಎಂದೆ. ಅಂಗಡಿಯಲ್ಲಿ ಒಬ್ಬರೂ ಇರಲಿಲ್ಲ. ನೀವು ಒಮ್ಮೆ ಸುತ್ತ ನೋಡಿ ಹೊರಟುಹೋದಿರಿ.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಪರ್ಯುಷಣ ಹಬ್ಬದ ಕೊನೆಗೆ ಎಲ್ಲರ ಹತ್ತಿರ ಕ್ಷಮೆ ಕೇಳುವ ನಿಮ್ಮ ಪದ್ಧತಿ! ಪ್ರತಿ ವರ್ಷ ತಪ್ಪದೆ ನನ್ನ ಫೋನಿಗೂ ನಿಮ್ಮ ಸಂದೇಶ ಬಂತು — ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನಿಂದ ನಿನ್ನ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸು. ನೀವು, ನನ್ನ ಹತ್ತಿರ! ಓದಿದಾಗಲೆಲ್ಲ ಕೆಂಡದಂಥ ಸಿಟ್ಟು. ಒಮ್ಮೆಯಾದರೂ ಬೈಯಬಾರದಿತ್ತೆ ಅಕ್ಕಾ? ನೀವು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಒಂದಕ್ಕೂ ಉತ್ತರ ಬರೆಯಲಿಲ್ಲ.

ಈ ವರ್ಷ ಬರಲಿಲ್ಲ. ಪೀಡೆ ತೊಲಗಿತು ಅನಿಸಬೇಕಿತ್ತು. ಅನಿಸಲಿಲ್ಲ. ಮೂರು ಹೊತ್ತೂ ಫೋನು ನೋಡುವುದೇ ಆಯಿತು. ಕೊನೆಗೆ ನಿನ್ನೆ ಬೀಡಿಯ ಬಸ್ಸು ಹತ್ತಿದೆ.

ಈ ಸಲವೂ ನಿಮ್ಮೂರಲ್ಲಿ ಮುನಿಗಳಿದ್ದಾರೆ. ನಾನು ಇಳಿದಾಗ ಆಹಾರದ ಹೊತ್ತು. ಓಣಿಯುದ್ದಕ್ಕೂ ಬಾಗಿಲ ಮುಂದೆ ಗಂಡ ಹೆಂಡತಿ, ಸೊಸೆಯಂದಿರು ಕಲಶ ಹಿಡಿದು ನಿಂತಿದ್ದರು. ನಿಮ್ಮ ಮನೆಯ ಬಾಗಿಲೊಂದೇ ಮುಚ್ಚಿತ್ತು. ಅಂಗಳ ಸಾರಿಸಿತ್ತು, ಹೊಸ್ತಿಲಿಗೆ ರಂಗೋಲಿ ಇತ್ತು. ಕಿಟಕಿ ಮಾತ್ರ ಒಂದಿಷ್ಟು ತೆರೆದಿತ್ತು. ಒಳಗೆ ಬಿಳಿ ಸೀರೆಯಲ್ಲಿ ನೀವು ಕೈ ಮುಗಿದು ನಿಂತಿದ್ದಿರಿ — ಓಣಿಯವರಿಗೆ ಕಾಣದ ಹಾಗೆ. ಮುನಿಗಳು ಮುಂದೆ ಹೋದರು. ಕಿಟಕಿ ಮುಚ್ಚಿತು. ನಾನು ಕದ ತಟ್ಟದೆ ಹೇಡಿಯ ಹಾಗೆ ಓಡಿಬಂದೆ.

ನಿಮ್ಮ ಮಾತು ಇಂದಿಗೂ ನನ್ನ ಪಾಕೀಟಿನ ಮೇಲಿದೆ. ಅದರ ಮೇಲೆಯೇ ನನ್ನ ಮನೆ ನಡೆದಿದೆ.

ನಾಳೆ ಬೆಳಿಗ್ಗೆ ಬರುತ್ತೇನೆ. ಬಸದಿಯ ಅಂಗಳದಲ್ಲಿ, ನಿಮ್ಮ ಹಿರಿಯರೆಲ್ಲ ಕೂಡಿದಾಗ, ನೀವು ಕೇಳಿದ ಆ ಒಂದು ಮಾತು ಹೇಳುತ್ತೇನೆ. ಆಮೇಲೆ ಅಂಗಡಿಯ ಗತಿ ಏನಾಗುತ್ತದೋ ಆಗಲಿ. ನಿಮ್ಮ ಹತ್ತಿರ ಮಾತ್ರ ಕ್ಷಮೆ ಕೇಳುವುದಿಲ್ಲ ಅಕ್ಕಾ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.