ಪಕ್ಕದ ಮನೆಯ ವೈಫೈ

ಹನೂರಿಗೆ ವರ್ಗವಾಗಿ ಬಂದಾಗ ನನಗೆ ನಲವತ್ತಾರು. ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಮಗ್ಗದ ಕೋಣೆ ಅಣ್ಣನ ಪಾಲಿಗೆ ಹೋಗಿತ್ತು. ಅಮ್ಮ ಮಲಗುತ್ತಿದ್ದ ಕೋಣೆ ನನ್ನದೆಂದು ಯಾರೂ ಹೇಳಲಿಲ್ಲ, ನನ್ನದಲ್ಲವೆಂದೂ ಹೇಳಲಿಲ್ಲ. ಬಸ್ಸಿನಲ್ಲಿ ದಿನಾ ಓಡಾಡಬಹುದಿತ್ತು. ಆದರೂ ಹನೂರಿನಲ್ಲೇ ಬಾಡಿಗೆ ಮನೆ ಹಿಡಿದೆ.

ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಬಂದವರ ತೋಳು ಹಿಡಿದು ರಕ್ತ ತೆಗೆಯಬೇಕು. ಮುಷ್ಟಿ ಬಿಗಿ ಮಾಡಿ, ಈಗ ಬಿಡಿ, ಹತ್ತಿ ಒತ್ತಿ ಹಿಡಿದುಕೊಳ್ಳಿ. ದಿನವೆಲ್ಲ ನಾನು ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಇಷ್ಟೇ. ಮನೆಗೆ ಬಂದರೆ ಅದೂ ಇಲ್ಲ.

ನಾನಿದ್ದದ್ದು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದ ಹಳೆಯ ಮನೆಯ ಒಂದು ಭಾಗ. ಇನ್ನೊಂದು ಭಾಗದಲ್ಲಿ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದ ಒಬ್ಬರಿದ್ದರು. ಹುಟ್ಟೂರು ಯಳಂದೂರು ತಾಲ್ಲೂಕಿನ ಅಗರ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎದುರಿಗೆ ಸಿಕ್ಕರೆ ‘ನಮಸ್ಕಾರ ಮೇಡಮ್ಮೋರೆ’ ಎನ್ನುವರು. ನಾನು ನಮಸ್ಕಾರ ಅಣ್ಣ ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯಿತು.

ಒಂದು ಭಾನುವಾರ ಅವರು ಬಾಗಿಲಿಗೆ ಬಂದರು.

“ಮೇಡಮ್ಮೋರೆ, ಒಸಿ ಬಂದು ಒಂದೆರಡು ಅಕ್ಸರ ಓದ್ಕೊಡ್ತೀರಾ? ಕಣ್ಗೆ ಪೊರೆ ಬಂದದೆ, ಎಲ್ಲಾ ಮಸುಕು ಮಸುಕು.”

ಅವರ ನಡುಮನೆಯ ಗೂಡಿನಲ್ಲಿ ಎರಡು ಕಡ್ಡಿಗಳಿದ್ದ ಕಪ್ಪು ಪೆಟ್ಟಿಗೆಯೊಂದು ಹಸಿರು ದೀಪ ಮಿಣುಕಿಸುತ್ತ ಕೂತಿತ್ತು. ಅದು ವೈಫೈ ಮೋಡೆಮ್ಮು. ಹೊಸ ಫೋನಿಗೆ ಅದನ್ನು ಜೋಡಿಸಲು ಪಾಸ್‌ವರ್ಡ್ ಬೇಕಿತ್ತು, ಅದು ಪೆಟ್ಟಿಗೆಯ ತಳದ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ನಾನು ತಿರುಗಿಸಿ ಹಿಡಿದು ಓದಿದೆ. ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ ದಪ್ಪವಾಗಿ ಬರೆದೂ ಕೊಟ್ಟೆ.

“ಇದನ್ನ ಬದಲಾಯಿಸಿಕೊಂಡು ನಿಮಗೆ ನೆನಪಿರೋದನ್ನ ಇಟ್ಟುಕೊಳ್ಳಬಹುದಲ್ಲ ಅಣ್ಣ?”

“ಬದ್ಲಾಯಿಸ್ಬೌದು. ಕಂಪ್ನಿಯಿಂದ ಎಂಗ್ ಬಂತೋ ಅಂಗೇ ಬುಟ್ಟಿವ್ನಿ. ಎಸ್ರು, ಪಾಸ್‌ವರ್ಡು, ಒಳಗೋಗಿ ನೋಡೋಕೆ ಅಡ್ಮಿನ್ನು, ಎಲ್ಲಾ ಡೀಫಾಲ್ಟು. ನಮ್ಮನೇಲಿ ಕದಿಯೋಕೆ ಏನದೆ?”

ಅವರು ನಕ್ಕರು. ನಾನೂ ನಕ್ಕು ಬಂದೆ.

ಲ್ಯಾಬಿನಲ್ಲಿ ನಂಬರು ಬರೆದು ಬರೆದು ಅಭ್ಯಾಸವಾದದ್ದಕ್ಕೋ ಏನೋ, ಆ ಎಂಟು ಅಕ್ಷರ ತಲೆಯಲ್ಲಿ ಉಳಿದುಬಿಟ್ಟವು. ಅಂದು ಸಂಜೆ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದರೆ ಅವರ ಪೆಟ್ಟಿಗೆಯ ಚೀಟಿಯಲ್ಲಿದ್ದ ಹೆಸರೇ ಕಾಣುತ್ತಿತ್ತು. ಏಕೆಂದು ಈಗಲೂ ಸರಿಯಾಗಿ ಹೇಳಲಾರೆ, ಒಂದೊಂದೇ ಅಕ್ಷರ ಒತ್ತಿದೆ. ಫೋನು ಕ್ಷಣ ತಡೆದು, ಸೇರಿಕೊಂಡಿತು.

ನನಗೆ ಇಂಟರ್‌ನೆಟ್ಟಿನ ಅಗತ್ಯವಿರಲಿಲ್ಲ. ಫೋನಿನಲ್ಲಿದ್ದ ಡೇಟಾವೇ ದಿನಾ ಮಿಕ್ಕುತ್ತಿತ್ತು. ಹಿಡಿಸಿದ್ದು ಬೇರೆ. ಸಂಜೆ ಆಸ್ಪತ್ರೆಯಿಂದ ಬಂದು ಮನೆಯ ಮುಂದೆ ನಿಲ್ಲುತ್ತಿದ್ದಂತೆ, ಬೀಗಕ್ಕೆ ಕೀಲಿ ಹಾಕುವ ಮೊದಲೇ, ಫೋನಿನ ಮೇಲ್ತುದಿಯಲ್ಲಿ ಆ ಪುಟ್ಟ ಗುರುತು ಮೂಡುತ್ತಿತ್ತು. ಅಮ್ಮ ಇದ್ದಾಗ ನನ್ನ ಚಪ್ಪಲಿಯ ಸದ್ದು ಕೇಳಿಯೇ ಒಳಗಿನಿಂದ ‘ಬಂದ್ಯಾ’ ಎನ್ನುತ್ತಿದ್ದಳು. ಹೋಲಿಸಬಾರದು, ಗೊತ್ತು. ಆದರೆ ಕೆಲವು ಸಂಜೆ ಆ ಗುರುತು ಬರುವವರೆಗೆ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದೇನೆ.

ನಾಚಿಕೆಯೂ ಇತ್ತು. ಎದುರಿಗೆ ಸಿಕ್ಕಾಗ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಮೊದಲ ವಾರ ಹೇಳಲಿಲ್ಲ. ಆಮೇಲೆ ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕೇಳುವರೇನೋ ಎಂದು ಹೇಳಲಿಲ್ಲ. ಹಾಗೇ ಏಳೆಂಟು ತಿಂಗಳು ಕಳೆದವು.

ಅವರು ಕಣ್ಣಿನ ಆಪರೇಷನ್ನಿಗೆ ಹೊರಟರು. ಅಗರದಿಂದ ಅವರ ತಮ್ಮ ಬಂದು ಕರೆದುಕೊಂಡು ಹೋದರು. ಹೊರಡುವಾಗ ಮನೆಯ ಕರೆಂಟು ಆರಿಸಿದ್ದರು. ಹತ್ತು ಹನ್ನೆರಡು ದಿನ ನನ್ನ ಫೋನಿಗೆ ಏನೂ ಸಿಗಲಿಲ್ಲ. ಪಕ್ಕದ ಮನೆಯಿಂದ ಕೆಮ್ಮು, ಬಚ್ಚಲಲ್ಲಿ ಬಿಂದಿಗೆಯ ಸದ್ದು ಕೇಳುತ್ತಿತ್ತೆಂಬುದೇ ಅದು ನಿಂತ ಮೇಲೆ ತಿಳಿಯಿತು. ಅಡುಗೆ ಮಾಡಲು ಬೇಸರವಾಗಿ ಬರೀ ಅನ್ನ ಮೊಸರು ಉಂಡು ಮಲಗುತ್ತಿದ್ದೆ.

ಅವರು ವಾಪಸು ಬಂದ ದಿನ ಬೀದಿಯಿಂದಲೇ ಬಾಗಿಲು ತೆರೆದಿದ್ದು ಕಂಡು ಬೇಗ ಬೇಗ ಹೆಜ್ಜೆ ಹಾಕಿದೆ. ಫೋನು ತೆಗೆದು ನೋಡಿದರೆ ಪಾಸ್‌ವರ್ಡ್ ತಪ್ಪು ಎಂದಿತ್ತು. ಮತ್ತೊಮ್ಮೆ ಒತ್ತಿದೆ. ಮತ್ತೆ ತಪ್ಪು.

ಸಿಕ್ಕಿಬಿದ್ದೆ ಅನ್ನಿಸಿತು. ಯಾರೋ ಒಳಹೊಕ್ಕಿದ್ದಾರೆಂದು ಕಂಡುಹಿಡಿದು ಬದಲಾಯಿಸಿದ್ದಾರೆ. ಅಕ್ಷರ ಓದಿಕೊಟ್ಟವಳು ನಾನೊಬ್ಬಳೇ, ಇನ್ನಾರ ಮೇಲೆ ಅನುಮಾನ ಬರಬೇಕು? ಆಪರೇಷನ್ ಮಾಡಿಸಿಕೊಂಡು ಬಂದವರನ್ನು ಮಾತಾಡಿಸಲೂ ಹೋಗಲಿಲ್ಲ. ಬೆಳಗ್ಗೆ ಅವರು ಏಳುವ ಮೊದಲೇ ಹೊರಟು, ಸಂಜೆ ಹಿಂದಿನ ಓಣಿಯಿಂದ ಬಂದು ಹಿತ್ತಿಲ ಬಾಗಿಲಿನಿಂದ ಒಳಸೇರಿದೆ. ಒಂದು ವಾರ ಹೀಗೆ.

ಭಾನುವಾರ ಬಾಗಿಲು ಬಡಿದ ಸದ್ದು. ಕರಿ ಕನ್ನಡಕ ಹಾಕಿಕೊಂಡು ಅವರೇ ನಿಂತಿದ್ದರು.

“ಏನವ್ವ, ಉಸಾರಾಗಿದ್ದೀಯಾ? ನಿನ್ ಫೋನು ಬತ್ತಾನೇ ಇಲ್ವಲ್ಲ?”

ನಾನು ಬಾಗಿಲನ್ನು ಪೂರ್ತಿ ತೆರೆದೆ.

“ಕಂಪ್ನಿಯವ್ನು ಬಂದಿದ್ದ. ಡೀಫಾಲ್ಟ್ ಇಟ್ಕಂಡ್ರೆ ಕಳ್ರು ನುಗ್ತಾರೆ ಸಾ ಅಂದು ಪಾಸ್‌ವರ್ಡು ಬದ್ಲಾಯಿಸ್ಬುಟ್ಟು ಓದ. ತಕೊ, ಒಸಾದು.” ಒಂದು ಚೀಟಿ ಮುಂದೆ ಚಾಚಿದರು.

“ನಿಮಗೆ ಗೊತ್ತಿತ್ತಾ ಅಣ್ಣ?”

“ಲೈನ್‌ಮನ್ ಕಣವ್ವ ನಾನು. ನನ್ ಲೈನ್‌ನಾಗೆ ಯಾರವ್ರೆ ಅಂತ ಗೊತ್ತಾಗಲ್ವಾ?”

ಕಣ್ಣು ತುಂಬಿ ಬಂತು. ತಪ್ಪಾಯಿತು ಎಂದೆ. ಅವರಿಗೆ ಅದು ಕೇಳಿಸಲೇ ಇಲ್ಲವೇನೋ ಎಂಬಂತೆ, “ಬಾ, ಟೀ ಕುಡಿವಂತೆ” ಎಂದು ತಿರುಗಿ ನಡೆದರು.

ಅವರ ನಡುಮನೆಯಲ್ಲಿ ಅಂದು ಮೊದಲ ಸಲ ಕೂತು, ಚೀಟಿಯಲ್ಲಿದ್ದ ಪಾಸ್‌ವರ್ಡ್ ನನ್ನ ಫೋನಿಗೆ ಒತ್ತಿದೆ. ಅವರು ತಮ್ಮ ಫೋನಿನಲ್ಲಿ ನೂರತೊಂಬತ್ತೆರಡರಿಂದ ಶುರುವಾಗುವ ಅಂಕಿ ಒತ್ತಿ, ಪೆಟ್ಟಿಗೆಯ ಒಳಪುಟ ತೆರೆದು ತೋರಿಸಿದರು. ಯಾರು ಬಂದರೂ ಪೆಟ್ಟಿಗೆ ತಾನೇ ಒಂದು ನಂಬರು ಕೊಟ್ಟು ಪಟ್ಟಿಗೆ ಸೇರಿಸುತ್ತದಂತೆ. ಒಂದನೆಯದು ಪೆಟ್ಟಿಗೆಯದೇ, ಎರಡನೆಯದು ಅವರ ಫೋನಿನದು.

“ಮೂರ್ನೇದು ನೀನು. ಅದ್ರಾಗೂ ಎರಡು ದಾರಿ ಅವೆ ಕಣವ್ವ. ಈ ಐದು ಅನ್ನೋದು ಜೋರಾಗ್ ಓಡ್ತದೆ, ಆದ್ರೆ ಗೋಡೆ ದಾಟಕ್ಕಾಗಲ್ಲ. ಎರಡು ಪಾಯಿಂಟ್ ನಾಕು ಅನ್ನೋದು ನಿಧಾನ. ಅದೇ ನಿನ್ ಮನೆ ತಂಕ ಬರೋದು. ಸಂಜೆ ಐದೂವರೆ ಆರ್ಗೆ ಅಕ್ಸರ ದೊಡ್ದು ಮಾಡ್ಕಂಡು ನೋಡ್ತಿದ್ದೆ, ಮೂರ್ನೇದು ಕಾಣ್ಸುದ್ರೆ, ಆಯಮ್ಮ ಬಂತು ಅಂತ ನಾನೂ ಟೀಗೆ ಇಡ್ತಿದ್ದೆ.”

“ಹಾಗಾದರೆ ಒಂದು ಸಲವಾದರೂ ಕರೆಯಬಾರದಿತ್ತಾ?”

“ಒಂಟಿ ಗಂಡ್ಸು. ಎಂಗೆ ಕರೀಲಿ?”

ಆ ನಂತರ ನಾಲ್ಕೈದು ತಿಂಗಳು ಸಂಜೆಯ ಟೀ ಅಲ್ಲೇ. ಬಾಗಿಲು ತೆರೆದಿಟ್ಟು ಕೂರುತ್ತಿದ್ದೆವು. ಬಿಳಿಗಿರಿರಂಗನ ಬೆಟ್ಟಕ್ಕೆ ಲೈನು ಎಳೆದ ಕಾಲದ ಮಾತು ಹೇಳುವರು. ಕಂಬದ ಮೇಲಿಂದ ಲೈನು ಪರೀಕ್ಷಿಸಲು ತಮ್ಮ ಮನೆಗೇ ಫೋನು ಮಾಡುತ್ತಿದ್ದರಂತೆ. ಹೆಂಡತಿ ಆ ಕಡೆಯಿಂದ “ಇಳೀರಿ ಮೊದ್ಲು, ಆಮೇಲ್ ಮಾತಾಡಿ” ಎನ್ನುತ್ತಿದ್ದರಂತೆ. ನಾನು ಅಮ್ಮನ ಕೊನೆಯ ದಿನಗಳನ್ನು ಯಾರ ಹತ್ತಿರವಾದರೂ ಹೇಳಿಕೊಂಡದ್ದು ಅದೇ ಮೊದಲು.

ಅವರ ಎರಡನೇ ಕಣ್ಣು ಸುಧಾರಿಸಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ನರದವರೆಗೆ ಹೋಗಿ, ಮೊದಲನೆಯದೂ ಮಂಜಾಗುತ್ತ ಬಂತು. ಅವರ ರಕ್ತ ಪರೀಕ್ಷೆ ಮಾಡಿದವಳು ನಾನೇ ಆದ್ದರಿಂದ ಸಕ್ಕರೆ ಎಷ್ಟು ಏರಿದೆಯೆಂದು ನನಗೆ ಮೊದಲೇ ಗೊತ್ತಾಗಿತ್ತು. ಅವರ ತಮ್ಮ ಬಂದು, ಇನ್ನು ಒಬ್ಬರೇ ಇರುವುದು ಬೇಡವೆಂದು ಅಗರಕ್ಕೆ ಕರೆದುಕೊಂಡು ಹೋದರು. ಮೋಡೆಮ್ಮನ್ನು ಕಂಪನಿಯವರು ವಾಪಸು ಒಯ್ದರು. ಆ ಭಾಗಕ್ಕೆ ಹೊಸದಾಗಿ ಮದುವೆಯಾದವರು ಬಂದರು. ಒಳ್ಳೆಯವರೇ, ಆದರೆ ಅವರಿಗೆ ಅವರದೇ ಪ್ರಪಂಚ. ನಾನೂ ಒಂದು ಕನೆಕ್ಷನ್ ಹಾಕಿಸಿಕೊಂಡೆ. ಲೈನ್‌ಮನ್ ಅಣ್ಣ ಕಲಿಸಿದಂತೆ ಒಳಪುಟ ತೆರೆದು ಪಟ್ಟಿ ನೋಡಿದೆ. ಪೆಟ್ಟಿಗೆ ಬಿಟ್ಟರೆ ನನ್ನ ಫೋನು ಒಂದೇ ಇತ್ತು.

ಕಳೆದ ದಸರಾ ರಜೆಯಲ್ಲಿ ಅಗರಕ್ಕೆ ಹೋಗಿದ್ದೆ. ತಮ್ಮನ ಮನೆ ತುಂಬ ಜನ. ಅವರು ಜಗಲಿಯಲ್ಲಿ ಕೂತು, ಪಕ್ಕದವರು ಓದಿ ಹೇಳುತ್ತಿದ್ದ ಪೇಪರಿಗೆ ತಲೆದೂಗುತ್ತಿದ್ದರು. ದನಿ ಕೇಳಿ ಗುರುತು ಹಿಡಿದರು. ಮನೆಯವರಿಗೆಲ್ಲ, “ಆಸ್ಪತ್ರೆ ಮೇಡಮ್ಮೋರು, ಬಾಳ ಒಳ್ಳೇವ್ರು” ಎಂದು ಪರಿಚಯಿಸಿದರು. ಮುದ್ದೆ ಊಟ ಹಾಕಿಸಿದರು. ಒಬ್ಬರಲ್ಲ ಒಬ್ಬರು ಬಂದು ಕೂರುತ್ತಿದ್ದರು, ನಮ್ಮಿಬ್ಬರದೇ ಮಾತಿಗೆ ಜಾಗವಾಗಲಿಲ್ಲ. ಅವರು ಮೈತುಂಬಿಕೊಂಡಿದ್ದರು. ಅದನ್ನು ನೋಡಿ ಸಂತೋಷವಾಗಬೇಕಿತ್ತು, ಆಯಿತು ಕೂಡ.

ಬರುವಾಗ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಅರ್ಧ ಗಂಟೆ ಇತ್ತು. ಅಣ್ಣನ ಮನೆಗೆ ಅಲ್ಲಿಂದ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಕಾಫಿ ಕುಡಿದು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಸಂಕ್ರಾಂತಿಯ ಹೊತ್ತಿಗೆ ಇನ್ನೊಮ್ಮೆ ಅಗರಕ್ಕೆ ಹೋಗಬೇಕೆಂದುಕೊಂಡಿದ್ದೆ. ಈವರೆಗೆ ಆಗಿಲ್ಲ.